ರಗ್ಬಿ ಲೀಗ್‌ನ ಟಿವಿ ದುಡ್ಡು, ಶಹಾಬಾದ್‌ನ 19 ರೂಪಾಯಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಕ್ರೀಡಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ ಇತ್ತು. ಆಸ್ಟ್ರೇಲಿಯಾದ ರಗ್ಬಿ ಲೀಗ್‌ನ ಈಗಿನ ಟಿವಿ ಒಪ್ಪಂದ 2027ಕ್ಕೆ ಮುಗಿಯುತ್ತದೆ, ಮುಂದಿನದು ಎಷ್ಟಕ್ಕೆ ಹೋಗುತ್ತದೋ ನೋಡಬೇಕು ಅಂತ. ಚಹಾದ ಅಂಗಡಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದೆ. ಪಕ್ಕದಲ್ಲಿ ಕೂತಿದ್ದ ಗೆಳೆಯರು, "ಅಲ್ರೀ, ಆ ಆಟ ಇಲ್ಲಿ ಯಾರೂ ಆಡಂಗಿಲ್ಲ, ಯಾರೂ ನೋಡಂಗಿಲ್ಲ. ಅದರ ರೊಕ್ಕದ ಚಿಂತಿ ನಮಗ್ಯಾಕ?" ಅಂದರು. ಅಲ್ಲಿ ಅವರಿಗೆ ಪೂರ್ತಿ ಉತ್ತರ ಕೊಡಲು ಆಗಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಜಾಗ ಮಾಡಿಕೊಡಿ.

ನಾನು ಶಹಾಬಾದ್‌ನಲ್ಲಿ 1996ರಿಂದ ಕೇಬಲ್ ಆಪರೇಟರ್. ಕಂಬ ಹತ್ತಿ ವೈರ್ ಎಳೆಯುವುದು, ಆಂಪ್ಲಿಫೈಯರ್ ಕೆಟ್ಟರೆ ರಾತ್ರಿ ಹೋಗಿ ಬದಲಿಸುವುದು, ತಿಂಗಳ ಮೊದಲ ವಾರ ಮನೆ ಮನೆಗೆ ಹೋಗಿ ದುಡ್ಡು ತರುವುದು ನನ್ನ ಕೆಲಸ. ಸಾವಿರ ಕೋಟಿಗೆ ಆಟ ತೋರಿಸುವ ಟಿವಿ ಹಕ್ಕು ಹೋಯಿತು ಅಂತ ಪೇಪರ್‌ನಲ್ಲಿ ಬಂದಾಗ ಬೇರೆಯವರಿಗೆ ದೊಡ್ಡ ಕಂಪನಿಗಳು ಕಾಣಿಸಬಹುದು. ನನಗೆ ಕಾಣುವುದು ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿರುವ ನನ್ನ ಕೇಬಲ್ ಕಾರ್ಡು, ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಡುವ ನೋಟು. ಹಕ್ಕಿನ ದುಡ್ಡು ಹೊರಡುವುದು ಅಲ್ಲಿಂದಲೇ.

ಅದು ಹೇಗೆ ಅಂತ ಹೇಳುತ್ತೇನೆ. 2019ರ ಜನವರಿ 5ರಂದು ಪ್ರೊ ಕಬಡ್ಡಿ ಆರನೇ ಸೀಸನ್‌ನ ಫೈನಲ್ ಇತ್ತು. ಬೆಂಗಳೂರು ಬುಲ್ಸ್ 38-33ರಲ್ಲಿ ಗುಜರಾತ್ ತಂಡವನ್ನು ಸೋಲಿಸಿತು. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಅವತ್ತು ನಮ್ಮ ಓಣಿಯಲ್ಲಿ ಒಬ್ಬರೂ ಬೇಗ ಮಲಗಲಿಲ್ಲ. ಒಂದೇ ತಿಂಗಳಲ್ಲಿ, ಫೆಬ್ರವರಿ 1ರಿಂದ, ಟಿವಿ ದರದ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್‌ನ ಹೊಸ ದರದ ನಿಯಮ ಬಂತು. ನೂರು ಚಾನೆಲ್‌ಗೆ 130 ರೂಪಾಯಿ, ಮೇಲೆ ಜಿಎಸ್‌ಟಿ. ಪೇ ಚಾನೆಲ್‌ಗೆ ಬೇರೆ ದರ. ದೊಡ್ಡ ಸ್ಪೋರ್ಟ್ಸ್ ಚಾನೆಲ್‌ಗೆ 19 ರೂಪಾಯಿ, ಜಿಎಸ್‌ಟಿ ಸೇರಿದರೆ 22 ರೂಪಾಯಿ 42 ಪೈಸೆ. ನಾನು ಫಾರ್ಮ್ ಹಿಡಿದು ಮನೆ ಮನೆಗೆ ಹೋದೆ. ಯಾವ ಚಾನೆಲ್ ಬೇಕು, ಟಿಕ್ ಮಾಡಿ ಅಂತ.

ಒಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುತ್ತಾರೆ. ಆ ತಾಯಿ ಫಾರ್ಮನ್ನು ಮಗನ ಕೈಗೆ ಕೊಟ್ಟು ಓದಿಸಿದರು. ಮಗ ಮೊದಲು ಕಬಡ್ಡಿ ಬರುವ ಚಾನೆಲ್‌ಗೆ ಗುರುತು ಹಾಕಿದ. ಅಜ್ಜಿ ಧಾರಾವಾಹಿ ಬೇಕು ಅಂದರು. ತಾಯಿ ಒಟ್ಟು ಎಷ್ಟಾಗುತ್ತದೆ ಅಂತ ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಕಾ, ಈ ಸಲ ಕಬಡ್ಡಿ ತೆಗೀರಿ" ಅಂದರು. ಹುಡುಗ ಏನೂ ಮಾತಾಡಲಿಲ್ಲ. ಪೆನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದ. ಆ ಗುರುತನ್ನು ನಾನೇ ಹೊಡೆದು ಹಾಕಿದೆ. ಆ ಫಾರ್ಮ್ ಇನ್ನೂ ನನ್ನ ಫೈಲಿನಲ್ಲಿದೆ.

ಆ 19 ರೂಪಾಯಿಯಲ್ಲಿ ನೂರಕ್ಕೆ 20ರಂತೆ ಹಂಚಿಕೆಯ ಖರ್ಚು ಅಂತ ಕೇಬಲ್ ಕಡೆ ಉಳಿಯುತ್ತದೆ. ಉಳಿದದ್ದರಲ್ಲಿ ಬಹುಪಾಲು ಚಾನೆಲ್‌ನವರಿಗೆ ಹೋಗುತ್ತದೆ. ಇಂಥ ಕೋಟಿಗಟ್ಟಲೆ ಮನೆಗಳ ದುಡ್ಡು, ಅದರ ಮೇಲೆ ಜಾಹೀರಾತಿನ ದುಡ್ಡು. ಎರಡೂ ಕೂಡಿದ ಮೇಲೆಯೇ ಚಾನೆಲ್‌ನವರು ಹರಾಜಿನಲ್ಲಿ ಕೂತು ದೊಡ್ಡ ಮೊತ್ತ ಕೂಗುತ್ತಾರೆ. ಜಾಹೀರಾತಿನ ದುಡ್ಡನ್ನಾದರೂ ನಾವು ಅಂಗಡಿಯಲ್ಲಿ ಸೋಪು, ಬಿಸ್ಕತ್ತು ಕೊಳ್ಳುವಾಗ ಕೊಟ್ಟೇ ಇರುತ್ತೇವೆ ಅಲ್ವಾ?

ಇನ್ನು ರಗ್ಬಿ ಲೀಗ್ ನನಗೆ ಹೇಗೆ ಗೊತ್ತಾಯಿತು ಅಂದರೆ, 2023ರ ಜೂನ್‌ನಿಂದ ಆಗಸ್ಟ್‌ವರೆಗೆ ನಾನು, ನಮ್ಮ ಮನೆಯವರು ಮಗಳ ಬಾಣಂತನಕ್ಕೆ ಸಿಡ್ನಿಗೆ ಹೋಗಿದ್ದೆವು. ಅವರ ಮನೆ ಪ್ಯಾರಾಮಟ್ಟಾ ಹತ್ತಿರ. ಜೂನ್ ಅಲ್ಲಿ ಚಳಿಗಾಲ. ಒಂದು ಬುಧವಾರ ಸಂಜೆ ಅಳಿಯಂದಿರು ಕೆಲಸದಿಂದ ಬೇಗ ಬಂದರು. ಇಡೀ ಓಣಿಯೇ ಬೇಗ ಮನೆ ಸೇರಿತ್ತು. ಅವತ್ತು ಸ್ಟೇಟ್ ಆಫ್ ಒರಿಜಿನ್ ಪಂದ್ಯ. ನ್ಯೂ ಸೌತ್ ವೇಲ್ಸ್ ರಾಜ್ಯಕ್ಕೂ ಕ್ವೀನ್ಸ್‌ಲ್ಯಾಂಡ್ ರಾಜ್ಯಕ್ಕೂ ವರ್ಷಕ್ಕೆ ಮೂರು ಸಲ ನಡೆಯುವ ಪಂದ್ಯ, 1980ರಿಂದ ಇದೆ. ತಂಡಕ್ಕೆ 13 ಮಂದಿ. ಚೆಂಡು ಹಿಡಿದು ನುಗ್ಗುವವನನ್ನು ಎದುರಿನವರು ಹಿಡಿದು ಕೆಡವಬೇಕು. ಆರು ಸಲ ಕೆಡವಿದರೆ ಚೆಂಡು ಅವರಿಗೆ. ಹತ್ತು ನಿಮಿಷ ನೋಡುವುದರಲ್ಲಿ ನನಗೆ ಆಟ ಹಿಡಿಸಿತು. ಒಬ್ಬ ನುಗ್ಗುತ್ತಾನೆ, ಮೂವರು ಸೇರಿ ಸೊಂಟಕ್ಕೆ, ತೊಡೆಗೆ ಬೀಳುತ್ತಾರೆ. ಇದು ನಮ್ಮ ಕಬಡ್ಡಿಯ ಅಣ್ಣನೋ ತಮ್ಮನೋ ಅನ್ನಿಸಿತು.

ಆದರೆ ನನ್ನ ಕಣ್ಣು ಹೋದದ್ದು ಟಿವಿಯ ಹಿಂದಕ್ಕೆ. ಗೋಡೆಯಿಂದ ಒಂದೇ ಒಂದು ಆಂಟೆನಾ ವೈರ್ ಬಂದಿತ್ತು. ಬಾಕ್ಸ್ ಇಲ್ಲ, ಕಾರ್ಡ್ ಇಲ್ಲ. "ತಿಂಗಳಿಗೆ ಎಷ್ಟು ಕೊಡ್ತೀರಿ?" ಅಂತ ಕೇಳಿದೆ. ಅಳಿಯಂದಿರು ನಕ್ಕು, "ಮಾಮಾ, ಇದಕ್ಕ ರೊಕ್ಕ ಇಲ್ಲ. ಇದು ಫ್ರೀ ಚಾನೆಲ್" ಅಂದರು. ಇಡೀ ದೇಶದಲ್ಲಿ ವರ್ಷದಲ್ಲೇ ಅತಿ ಹೆಚ್ಚು ಜನ ನೋಡುವ ಕಾರ್ಯಕ್ರಮಗಳಲ್ಲಿ ಒಂದು, ಅದು ಪುಕ್ಕಟೆ! ಅಲ್ಲಿ ಅದಕ್ಕೆ ಕಾನೂನೇ ಇದೆ. ಒರಿಜಿನ್ ಪಂದ್ಯಗಳು, ಲೀಗ್‌ನ ಗ್ರ್ಯಾಂಡ್ ಫೈನಲ್ ಇಂಥವನ್ನೆಲ್ಲ ಸರ್ಕಾರ ಪಟ್ಟಿ ಮಾಡಿಟ್ಟಿದೆ. ಅವುಗಳ ಹಕ್ಕು ಕೊಳ್ಳಲು ಫ್ರೀ ಚಾನೆಲ್‌ಗಳಿಗೆ ಮೊದಲು ಅವಕಾಶ ಇರಬೇಕು, ಪೇ ಚಾನೆಲ್ ಅದನ್ನು ಮುಂಚೆಯೇ ಕಸಿದುಕೊಳ್ಳುವಂತಿಲ್ಲ. ಬ್ರಿಟನ್‌ನಲ್ಲೂ ಹೀಗೇ. ಅಲ್ಲಿನ ರಗ್ಬಿ ಲೀಗ್‌ನ ಚಾಲೆಂಜ್ ಕಪ್ ಫೈನಲ್ ಇಂಥ ಪಟ್ಟಿಯಲ್ಲಿದೆ.

ಹೀಗೆ ಪುಕ್ಕಟೆ ತೋರಿಸಿದರೆ ಬೆಲೆ ಬಿದ್ದುಹೋಗುತ್ತದೆ ಅಂತ ನಮ್ಮ ಕಡೆ ಹೇಳುತ್ತಾರೆ. ಆಸ್ಟ್ರೇಲಿಯಾದಲ್ಲಿ ಬಿದ್ದಿಲ್ಲ. ಅವರ ಲೀಗ್ 2012ರಲ್ಲಿ ಐದು ವರ್ಷದ ಹಕ್ಕನ್ನು 102.5 ಕೋಟಿ ಡಾಲರ್‌ಗೆ ಮಾರಿತು. ಮುಂದಿನ ಐದು ವರ್ಷಕ್ಕೆ, 2018ರಿಂದ 2022ರವರೆಗೆ, ಸುಮಾರು 180 ಕೋಟಿ ಡಾಲರ್. ಆಸ್ಟ್ರೇಲಿಯಾದ ಡಾಲರ್ ಲೆಕ್ಕ ಇದು, ನಮ್ಮ ರೂಪಾಯಿಯಲ್ಲಿ ಹತ್ತು ಸಾವಿರ ಕೋಟಿಯ ಹತ್ತಿರ. ಒಂದು ಪಾಲು ನೈನ್ ಅನ್ನುವ ಫ್ರೀ ಚಾನೆಲ್‌ಗೆ, ಇನ್ನೊಂದು ಪಾಲು ಫಾಕ್ಸ್ ಅನ್ನುವ ಪೇ ಚಾನೆಲ್‌ಗೆ. ಕೊಳ್ಳುವವರು ಇಬ್ಬರಿದ್ದರು, ಇಬ್ಬರಿಗೂ ಆಟ ಬೇಕಿತ್ತು. ಬೆಲೆ ಏರುವುದು ಹೀಗೆಯೇ.

ಇಂಗ್ಲೆಂಡಿನ ಕಥೆ ಬೇರೆ. ಅಲ್ಲಿನ ರಗ್ಬಿ ಲೀಗ್‌ನ ದೊಡ್ಡ ಟೂರ್ನಿ ಸೂಪರ್ ಲೀಗ್‌ಗೆ ಸ್ಕೈ ಅನ್ನುವ ಪೇ ಚಾನೆಲ್ ಒಂದೇ ದೊಡ್ಡ ಗಿರಾಕಿ. 2021ರವರೆಗೆ ವರ್ಷಕ್ಕೆ ಸುಮಾರು 4 ಕೋಟಿ ಪೌಂಡ್ ಬರುತ್ತಿತ್ತು. 2022ರಿಂದ ಅದು ಸುಮಾರು 2.5 ಕೋಟಿಗೆ ಇಳಿಯಿತು. 2024ರಿಂದ ಇನ್ನೂ ಇಳಿದು 2.15 ಕೋಟಿಯ ಆಸುಪಾಸು. ಆಟವೇನೂ ಅರ್ಧಕ್ಕರ್ಧ ಕೆಟ್ಟಿರಲಿಲ್ಲ, ಅದೇ ಊರುಗಳು, ಅದೇ ಜನ. ಎದುರು ಕೂಗುವವರು ಇಲ್ಲದಿದ್ದರೆ ಹರಾಜಿನಲ್ಲಿ ಏನಾಗುತ್ತದೆ ಅಂತ ಕಲಬುರಗಿಯ ಮಾರ್ಕೆಟ್‌ಗೆ ತೊಗರಿ ತರುವ ರೈತರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಆ ಚೀಲ ವಾಪಸ್ ಊರಿಗೆ ಒಯ್ಯುವ ಹಾಗಿಲ್ಲ, ಕೊಟ್ಟ ದರಕ್ಕೆ ಹಾಕಿ ಬರಬೇಕು.

ಈ ಆಟ ಹುಟ್ಟಿದ ಬಗೆ ಕೇಳಿದಾಗ ನನಗೆ ಇದು ಇನ್ನೂ ಹತ್ತಿರವಾಯಿತು. ಮಗಳ ಪಕ್ಕದ ಮನೆಯಲ್ಲಿ ರೈಲ್ವೆಯಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರಿದ್ದರು. ಸಂಜೆ ಬೇಲಿಯ ಆಚೆ ನಿಂತು ಮಾತಾಡುತ್ತಿದ್ದರು, ನನ್ನ ಹರಕು ಮುರುಕು ಇಂಗ್ಲಿಷ್ ಅವರು ತಾಳ್ಮೆಯಿಂದ ಕೇಳುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ರಗ್ಬಿ ಆಡುತ್ತಿದ್ದವರು ಹೆಚ್ಚಾಗಿ ಕಲ್ಲಿದ್ದಲು ಗಣಿಯವರು, ಗಿರಣಿಯವರು. ಶನಿವಾರ ಆಟಕ್ಕೆ ಬಂದರೆ ಅವತ್ತಿನ ಕೂಲಿ ಹೋಗುತ್ತಿತ್ತು. ಆ ಕೂಲಿಯನ್ನು ಕ್ಲಬ್‌ನವರು ತುಂಬಿಕೊಡಲಿ ಅಂತ ಕೇಳಿದರು. ಮೇಲಿನವರು 1893ರಲ್ಲಿ ಆಗುವುದಿಲ್ಲ ಅಂದರು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲ್‌ನಲ್ಲಿ ಉತ್ತರದ ಕ್ಲಬ್‌ಗಳು ಸೇರಿ ಬೇರೆಯಾದವು. ಆಟಕ್ಕಾಗಿ ಕೆಲಸ ಬಿಟ್ಟವನಿಗೆ ದಿನಕ್ಕೆ ಆರು ಶಿಲ್ಲಿಂಗ್ ಅಂತ ಗೊತ್ತು ಮಾಡಿದವು. ಅದೇ ಮುಂದೆ ರಗ್ಬಿ ಲೀಗ್ ಆಯಿತು. ಇವತ್ತು ನೂರಾರು ಕೋಟಿಗೆ ಮಾರಾಟವಾಗುವ ಆಟದ ಬುಡದಲ್ಲಿ ಒಂದು ದಿನದ ಕೂಲಿಯ ಜಗಳ ಇದೆ.

ಅದನ್ನು ಕೇಳುವಾಗ ನನಗೆ ನೆನಪಾದದ್ದು ಅದೇ ಹುಡುಗ, ಕಬಡ್ಡಿ ಚಾನೆಲ್‌ಗೆ ಗುರುತು ಹಾಕಿದವನು. ಈಗ ದೊಡ್ಡವನಾಗಿದ್ದಾನೆ. ಗಣಿಯಿಂದ ಬಂದ ಫರ್ಸಿ ಕಲ್ಲನ್ನು ಲಾರಿಗೆ ಹೇರುತ್ತಾನೆ. ಸಂಜೆ ಲೆಫ್ಟ್ ಕಾರ್ನರ್‌ನಲ್ಲಿ ಆಡುತ್ತಾನೆ. ದಿನವಿಡೀ ಕಲ್ಲಿನ ಅಂಚು ಹಿಡಿದು ಹಿಡಿದು ಅವನ ಬೆರಳು ಇಕ್ಕಳದ ಹಾಗೆ ಆಗಿವೆ. ರೈಡರ್‌ನ ಪಾದ ಅವನ ಕೈಗೆ ಸಿಕ್ಕರೆ ಬಿಡಿಸಿಕೊಂಡು ಗೆರೆ ಮುಟ್ಟುವುದು ಕಷ್ಟ. ಸುತ್ತಲಿನ ಜಾತ್ರೆಗಳ ಕಬಡ್ಡಿಯಲ್ಲಿ ಅವನನ್ನು ಕರೆದುಕೊಂಡು ಹೋಗಲು ತಂಡಗಳು ಪೈಪೋಟಿ ಮಾಡುತ್ತವೆ.

ಎರಡು ವರ್ಷದ ಹಿಂದೆ ಕಲಬುರಗಿಯಲ್ಲಿ ಒಂದು ಆಯ್ಕೆ ಇತ್ತು. ಹೋಗಲು ಅವನು 600 ರೂಪಾಯಿ ಕೂಲಿ ಬಿಟ್ಟ, ಬಸ್ಸಿಗೆ, ಊಟಕ್ಕೆ ಬೇರೆ ಖರ್ಚು. ಆಯ್ಕೆ ನಡೆದದ್ದು ಮ್ಯಾಟ್ ಮೇಲೆ. ಅವನು ಹುಟ್ಟಿದಾಗಿನಿಂದ ಆಡಿದ್ದು ಮಣ್ಣಿನಲ್ಲಿ, ಬರಿಗಾಲಲ್ಲಿ. ಯಾರದೋ ಶೂ ಕೇಳಿ ಹಾಕಿಕೊಂಡ, ಅದು ಒಂದು ನಂಬರ್ ದೊಡ್ಡದಿತ್ತು. ಮೊದಲನೇ ಹಿಡಿತಕ್ಕೇ ಕಾಲು ತಿರುಗಿತು. ಸಂಜೆ ಪ್ಯಾಸೆಂಜರ್ ರೈಲಿನಲ್ಲಿ ಕುಂಟುತ್ತಾ ಬಂದ. ಹದಿನೈದು ದಿನ ಕೆಲಸಕ್ಕೆ ಹೋಗಲು ಆಗಲಿಲ್ಲ. ನಾನು ಯಾರನ್ನೂ ದೂರುತ್ತಿಲ್ಲ, ಆಯ್ಕೆ ಮಾಡುವವರು ಮ್ಯಾಟ್ ಮೇಲೇ ನೋಡಬೇಕು, ಪಂದ್ಯ ನಡೆಯುವುದು ಅಲ್ಲಿಯೇ ತಾನೆ. ಕಬಡ್ಡಿ ಟಿವಿಗೆ ಹೋದ ಮೇಲೆ ಮಣ್ಣಿನ ಆಟಕ್ಕೆ ಮುಂದಕ್ಕೆ ದಾರಿ ಇಲ್ಲ. ಒಂದು ಜೊತೆ ಮ್ಯಾಟ್‌ಗೆ ಲಕ್ಷ ದಾಟುತ್ತದೆ. ನಮ್ಮ ಹುಡುಗರು ಎಲ್ಲಿಂದ ತರಬೇಕು?

ಅದೇ ಸಮಯದಲ್ಲಿ ಮೇಲೆ ಎಷ್ಟು ಹಣ ಓಡಾಡುತ್ತಿದೆ ನೋಡಿ. ಪ್ರೊ ಕಬಡ್ಡಿಯ ಹಕ್ಕು 2021ರಲ್ಲಿ ಐದು ವರ್ಷಕ್ಕೆ 908.7 ಕೋಟಿ ರೂಪಾಯಿಗೆ ಹೋಯಿತು. ವರ್ಷಕ್ಕೆ ಹತ್ತಿರ ಹತ್ತಿರ 182 ಕೋಟಿ. ಐಪಿಎಲ್ ಹಕ್ಕು 2023ರಿಂದ 2027ರವರೆಗೆ 410 ಪಂದ್ಯಕ್ಕೆ 48,390 ಕೋಟಿ, ಅಂದರೆ ಒಂದು ಪಂದ್ಯಕ್ಕೆ 118 ಕೋಟಿ. ಕಬಡ್ಡಿಯ ಐದು ವರ್ಷ ಐಪಿಎಲ್‌ನ ಎಂಟು ಪಂದ್ಯಕ್ಕೂ ಸಮ ಅಲ್ಲ. ಆದರೂ 182 ಕೋಟಿ ಸಣ್ಣದೇನಲ್ಲ. ಪವನ್ ಸೆಹ್ರಾವತ್ ಅವರಿಗೆ 2023ರ ಹರಾಜಿನಲ್ಲಿ 2.605 ಕೋಟಿ ಸಿಕ್ಕಿತು. ನನಗೆ ಖುಷಿಯಾಯಿತು, ಕಬಡ್ಡಿ ಆಡುವವರಿಗೆ ಇಷ್ಟು ಬೆಲೆ ಬಂತಲ್ಲ ಅಂತ. ಆ ಎತ್ತರಕ್ಕೆ ಏರುವ ಏಣಿಯ ಕೆಳಗಿನ ಮೆಟ್ಟಿಲೇ ನಮ್ಮ ಕಡೆ ಇಲ್ಲ ಅನ್ನುವುದು ನನ್ನ ಸಂಕಟ.

ರಗ್ಬಿ ಲೀಗ್‌ನವರು ಇದರಲ್ಲೂ ಪೆಟ್ಟು ತಿಂದು ಕಲಿತಿದ್ದಾರೆ. 1995ರಲ್ಲಿ ಟಿವಿ ಸಾಹುಕಾರ ರೂಪರ್ಟ್ ಮರ್ಡೋಕ್ ಅವರ ಕಂಪನಿ ಇಂಗ್ಲೆಂಡಿನ ಕ್ಲಬ್‌ಗಳ ಮುಂದೆ ಹಣ ಇಟ್ಟಿತು. ಕೊನೆಗೆ ಐದು ವರ್ಷಕ್ಕೆ 8.7 ಕೋಟಿ ಪೌಂಡ್ ಆಯಿತು. ಅದರ ಜೊತೆ ನೂರು ವರ್ಷದಿಂದ ಚಳಿಗಾಲದಲ್ಲಿ ಆಡುತ್ತಿದ್ದ ಆಟ 1996ರಿಂದ ಬೇಸಿಗೆಗೆ ಬಂತು. ಪಕ್ಕಪಕ್ಕದ ಊರಿನ ಕ್ಲಬ್‌ಗಳನ್ನು ಕೂಡಿಸಿ ಒಂದು ಮಾಡಿ ಅನ್ನುವ ಯೋಜನೆಯೂ ಬಂತು. ಫೆದರ್‌ಸ್ಟೋನ್, ಕ್ಯಾಸಲ್‌ಫೋರ್ಡ್, ವೇಕ್‌ಫೀಲ್ಡ್ ಮೂರೂ ಕಲ್ಲಿದ್ದಲಿನ ಸೀಮೆಯ ಊರುಗಳು. ಮೂರನ್ನೂ ಸೇರಿಸಿ, ಅಲ್ಲಿನ ಹೊಳೆಯ ಹೆಸರಿನ, ಕಾಲ್ಡರ್ ಅನ್ನುವ ಒಂದೇ ತಂಡ ಮಾಡಬೇಕು ಅಂದರು. ಜನ ಬೀದಿಗೆ ಇಳಿದರು, ಯೋಜನೆ ನಿಂತಿತು. ಆದರೆ ಚಾಲೆಂಜ್ ಕಪ್ ಮೂರು ಸಲ ಗೆದ್ದಿದ್ದ ಪುಟ್ಟ ಊರು ಫೆದರ್‌ಸ್ಟೋನ್‌ಗೆ ಹೊಸ ಸೂಪರ್ ಲೀಗ್‌ನಲ್ಲಿ ಜಾಗ ಸಿಗಲಿಲ್ಲ. ಸುಮ್ನೆ ಯೋಚಿಸಿ: ಶಹಾಬಾದ್, ವಾಡಿ, ಚಿತ್ತಾಪುರ ಮೂರಕ್ಕೂ ಒಂದೇ ತಂಡ, ಹೆಸರು ನಮ್ಮ ಹೊಳೆ ಕಾಗಿಣಾದ್ದೇ ಅಂತ ಯಾರಾದರೂ ಬಂದು ಹೇಳಿದರೆ ಇಲ್ಲಿ ಏನಾಗಬಹುದು?

ಆಸ್ಟ್ರೇಲಿಯಾದಲ್ಲಿ ಮರ್ಡೋಕ್ ಮತ್ತು ಕೆರ್ರಿ ಪ್ಯಾಕರ್, ಟಿವಿಯ ಇಬ್ಬರು ಸಾಹುಕಾರರು, ಈ ಆಟಕ್ಕಾಗಿ ಯುದ್ಧವನ್ನೇ ಮಾಡಿದರು. 1997ರಲ್ಲಿ ಒಂದೇ ದೇಶದಲ್ಲಿ ಎರಡು ಲೀಗ್ ನಡೆದವು. ನಮ್ಮ ಊರಲ್ಲೂ ಒಂದು ಕಾಲದಲ್ಲಿ ಒಂದೇ ಓಣಿಗೆ ಎರಡು ಕಂಟ್ರೋಲ್ ರೂಮಿನ ವೈರ್ ಇದ್ದವು. ಜಗಳ ಇರುವವರೆಗೆ ಗಿರಾಕಿಗೆ ದರ ಕಡಿಮೆ, ರಾಜಿಯಾದ ದಿನ ದರ ಏರಿತು. ಅಲ್ಲೂ 1998ರಲ್ಲಿ ರಾಜಿಯಾಯಿತು. ರಾಜಿಯ ಬೆಲೆ ಕೊಟ್ಟದ್ದು ಕ್ಲಬ್‌ಗಳು. 20 ಇದ್ದದ್ದನ್ನು 14 ಮಾಡಬೇಕು ಅಂದರು. 1908ರಲ್ಲಿ ಹುಟ್ಟಿದ, ಸಿಡ್ನಿಯ ದುಡಿಯುವ ಜನರ ಸೌತ್ ಸಿಡ್ನಿ ತಂಡವನ್ನೂ 1999ರ ಸೀಸನ್ ಮುಗಿದ ಮೇಲೆ ಹೊರಗೆ ಹಾಕಿದರು.

ನಮ್ಮ ಪಕ್ಕದ ಮನೆಯ ಆ ಹಿರಿಯರು ಇದೇ ತಂಡದವರು. ಕೆಂಪು ಹಸಿರು ಟೋಪಿ ತಲೆಯಿಂದ ತೆಗೆದದ್ದನ್ನು ನಾನು ನೋಡಲಿಲ್ಲ. 2000ನೇ ಇಸವಿಯ ನವೆಂಬರ್‌ನಲ್ಲಿ ಸಿಡ್ನಿಯ ಬೀದಿಯಲ್ಲಿ ಸುಮಾರು 80 ಸಾವಿರ ಜನ ಈ ಒಂದು ತಂಡಕ್ಕಾಗಿ ನಡೆದರಂತೆ. ಅವರೂ ಹೆಂಡತಿಯ ಜೊತೆ ನಡೆದಿದ್ದರು. ಬೇಲಿಯ ಮೇಲೆ ಕೈ ಇಟ್ಟು ಆ ದಿನದ ಬಗ್ಗೆ ಹೇಳುವಾಗ ಮಾತು ನಿಂತುಹೋಯಿತು. ಹೆಂಡತಿ ಈಗ ಇಲ್ಲ. ತಂಡ ಕೋರ್ಟಿಗೆ ಹೋಗಿ ಹೋರಾಡಿ 2002ರಲ್ಲಿ ವಾಪಸ್ ಬಂತು, 2014ರಲ್ಲಿ ಕಪ್ಪನ್ನೂ ಗೆದ್ದಿತು.

ನಾವು ಅಲ್ಲಿದ್ದಾಗಲೇ ಇನ್ನೊಂದು ಕಂಡೆ. ಜುಲೈನಲ್ಲಿ ಆಟಗಾರರು ಜೆರ್ಸಿ ಮೇಲಿನ ಲೀಗ್‌ನ ಲೋಗೋಗೆ ಟೇಪ್ ಅಂಟಿಸಿಕೊಂಡು ಮೈದಾನಕ್ಕೆ ಬಂದರು. ಟಿವಿಯಲ್ಲಿ ಹತ್ತಿರದಿಂದ ತೋರಿಸಿದಾಗ ಒಬ್ಬನ ಟೇಪಿನ ಒಂದು ಮೂಲೆ ಬೆವರಿಗೆ ಬಿಟ್ಟುಕೊಂಡಿತ್ತು. ಅವನು ಓಡುತ್ತಲೇ ಹೆಬ್ಬೆರಳಿನಿಂದ ಅದನ್ನು ಒತ್ತಿಕೊಂಡ. ಪಂದ್ಯದ ದಿನ ಟಿವಿಯವರ ಜೊತೆ ಮಾತಾಡುವುದಿಲ್ಲ ಅಂತಲೂ ಹೇಳಿದ್ದರು. ಲೀಗ್ ಜೊತೆಗಿನ ಹೊಸ ಒಪ್ಪಂದದಲ್ಲಿ ಆಟಗಾರರಿಗೆ, ಹೆಂಗಸರ ಲೀಗ್‌ನವರಿಗೂ ಸೇರಿ, ಸಿಗಬೇಕಾದ್ದನ್ನು ಬರೆದು ಕೊಡಿ ಅನ್ನುವುದು ಅವರ ಸಂಘದ ಪಟ್ಟು. ಆಗಸ್ಟ್‌ನಲ್ಲಿ ಒಪ್ಪಂದವಾಯಿತು. ಕೈಯಲ್ಲಿದ್ದದ್ದು ಒಂದು ಟೇಪ್ ತುಂಡು. ಟಿವಿಗೆ ಆಟ ಬೇಕು, ಆಟ ಇರುವುದು ತಮ್ಮ ಮೈಯಲ್ಲಿ ಅಂತ ಅವರಿಗೆ ಗೊತ್ತಿತ್ತು.

ಟಿವಿ ದುಡ್ಡನ್ನೇ ನಂಬಿಕೊಂಡರೆ ಅಪಾಯವೂ ಇದೆ. 2020ರಲ್ಲಿ ಕೊರೊನಾ ಬಂದು ಪಂದ್ಯ ನಿಂತಾಗ ಆಸ್ಟ್ರೇಲಿಯಾದ ಲೀಗ್ ಬಹುಪಾಲು ಸಿಬ್ಬಂದಿಯನ್ನು ಮನೆಗೆ ಕಳಿಸಬೇಕಾಯಿತು. ಎರಡೇ ತಿಂಗಳಲ್ಲಿ, ಮೇ 28ಕ್ಕೆ, ಪ್ರೇಕ್ಷಕರಿಲ್ಲದೆ ಮತ್ತೆ ಶುರು ಮಾಡಿದರು. ನಮ್ಮ ಪ್ರೊ ಕಬಡ್ಡಿಯೂ 2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಒಂದೇ ಜಾಗದಲ್ಲಿ ಪ್ರೇಕ್ಷಕರಿಲ್ಲದೆ ನಡೆಯಿತು. ಟಿಕೆಟ್ ಕೊಳ್ಳುವವರು ಇಲ್ಲದೆಯೂ ಲೀಗ್ ನಡೆಯುತ್ತದೆ, ಮನೆಯಲ್ಲಿ ಕೂತು ನೋಡುವವರು ಇಲ್ಲದೆ ನಡೆಯುವುದಿಲ್ಲ. ಹಾಗಿದ್ದ ಮೇಲೆ ಆ ಮನೆಯವರನ್ನು ಲೆಕ್ಕಕ್ಕೆ ಹಿಡಿಯಬೇಕಲ್ವಾ?

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. 2007ರ ಕಾಯ್ದೆ ಪ್ರಕಾರ ದೇಶಕ್ಕೆ ಮುಖ್ಯವಾದ ಪಂದ್ಯಗಳ ಸಿಗ್ನಲನ್ನು ಹಕ್ಕು ಕೊಂಡವರು ದೂರದರ್ಶನ ನಡೆಸುವ ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕು. ದೂರದರ್ಶನಕ್ಕೆ ಬರುವ ಜಾಹೀರಾತಿನ ಹಣದಲ್ಲಿ ನೂರಕ್ಕೆ 75 ಹಕ್ಕು ಕೊಂಡವರಿಗೇ ಹೋಗುತ್ತದೆ. ಒಳ್ಳೆಯ ಕಾಯ್ದೆ. ಆದರೆ 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಈ ಸಿಗ್ನಲ್ ದೂರದರ್ಶನದ ಸ್ವಂತ ಟವರ್ ಮತ್ತು ಫ್ರೀ ಡಿಶ್‌ಗೆ ಮಾತ್ರ, ಕೇಬಲ್‌ನವರಿಗೆ ಕೊಡುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಕಾಯ್ದೆಯಲ್ಲಿ ಬರೆದಿರುವುದನ್ನು ಓದಿಯೇ ಕೋರ್ಟ್ ಹೇಳಿದೆ, ಅದನ್ನು ಒಪ್ಪುತ್ತೇನೆ. ಹಾಗಾದರೆ ಕಾಯ್ದೆಯನ್ನು ತಿದ್ದಬೇಕಾದವರು ಸಂಸತ್ತಿನವರು.

ಇದರಿಂದ ಏನಾಗುತ್ತದೆ ಅಂದರೆ, ಭಾರತದ ಪಂದ್ಯದ ದಿನ ನನ್ನ ಫೋನ್ ನಿಲ್ಲುವುದೇ ಇಲ್ಲ. "ಕಾಕಾ, ಮ್ಯಾಚ್ ಯಾಕ ಬರವಲ್ದು? ಬಾಜು ಮನ್ಯಾಗ ಡಿಡಿದಾಗ ಬರ್ಲಾಕತ್ತದ!" ಬಾಜು ಮನೆಯವರದು ಫ್ರೀ ಡಿಶ್. ಇವರದು ನನ್ನ ಕೇಬಲ್. ಚಾನೆಲ್ ಅದೇ ದೂರದರ್ಶನ. ತಿಂಗಳಿಗೆ ದುಡ್ಡು ಕಟ್ಟುವ ಮನೆಗೆ ಪಂದ್ಯ ಇಲ್ಲ. ಒಬ್ಬ ಅಜ್ಜ, ವಯಸ್ಸು ಎಂಬತ್ತರ ಮೇಲೆ, ರಿಮೋಟ್ ಹಿಡಿದುಕೊಂಡು ನನ್ನ ಅಂಗಡಿಗೇ ನಡೆದು ಬಂದರು. ಬ್ಯಾಟರಿ ಹೋಗಿದೆ ಅಂತ ಅವರ ಅನಿಸಿಕೆ. ನಾನು ಕಾಯ್ದೆ, ಕೋರ್ಟು ಅಂತ ಹೇಳಲು ಹೋಗಿ ಅರ್ಧಕ್ಕೆ ನಿಲ್ಲಿಸಿದೆ. ಅಂಗಡಿಯಲ್ಲೇ ಕೂರಿಸಿ ಮೊಬೈಲ್‌ನಲ್ಲಿ ಪಂದ್ಯ ಹಾಕಿಕೊಟ್ಟೆ.

ಈ ಜಿಲ್ಲೆಗೆ ಟಿವಿ ಬಂದದ್ದೇ ಪುಕ್ಕಟೆಯಾಗಿ ಅನ್ನುವುದು ಇವತ್ತಿನ ಹುಡುಗರಿಗೆ ಗೊತ್ತಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಸೈಟ್ (SITE) ಅನ್ನುವ ಟಿವಿ ಪ್ರಯೋಗ ನಡೆಯಿತು. ಆರು ರಾಜ್ಯಗಳ 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ. ಕರ್ನಾಟಕದಲ್ಲಿ ಆಯ್ಕೆಯಾದದ್ದು ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ! ಆ ಪ್ರಯೋಗ ಶುರುವಾದಾಗ ನನಗೆ ಎಂಟು ವರ್ಷ. ನಮ್ಮ ಹಳ್ಳಿಯ ಶಾಲೆಯಲ್ಲಿ ಸೆಟ್ ಇಟ್ಟಿದ್ದರು, ಹೊರಗೆ ತಂತಿ ಜಾಲರಿಯ ದೊಡ್ಡ ಛತ್ರಿ. ಊರಿನವರೆಲ್ಲ ಅಂಗಳದಲ್ಲಿ ಕೂತು ನೋಡುತ್ತಿದ್ದೆವು. ಯಾರಿಗೂ ಯಾರೂ ದುಡ್ಡು ಕೇಳಲಿಲ್ಲ. ನಾನು ಈ ಕಸುಬಿಗೆ ಬಿದ್ದದ್ದು ಆ ಛತ್ರಿ ನೋಡಿದ್ದರಿಂದ.

ಈಗ ನನ್ನ ಮಾತಿಗೆ ಬರುತ್ತೇನೆ. ಪ್ರೊ ಕಬಡ್ಡಿಯ 2021ರ ಒಪ್ಪಂದದ ಐದು ಸೀಸನ್ 2025ಕ್ಕೆ ಮುಗಿದವು. ಇನ್ನು ಮುಂದಿನ ಹಕ್ಕಿನ ಮಾತು. 2022ರಲ್ಲಿ ಐಪಿಎಲ್ ಬೆಲೆ ಅಷ್ಟು ಏರಿದ್ದು ಸ್ಟಾರ್ ಮತ್ತು ವಯಾಕಾಮ್18 ಎದುರಾಬದುರಾ ಕೂಗಿದ್ದರಿಂದ. 2024ರ ನವೆಂಬರ್‌ನಲ್ಲಿ ಅವೆರಡೂ ಸೇರಿ ಜಿಯೋಸ್ಟಾರ್ ಆದವು. ಅಂದರೆ ನಮ್ಮ ಕಬಡ್ಡಿ ಈಗ ಇಂಗ್ಲೆಂಡಿನ ರಗ್ಬಿ ಲೀಗ್ ನಿಂತ ಜಾಗಕ್ಕೆ ಬಂದು ನಿಂತಿದೆ, ಎದುರಿಗೆ ದೊಡ್ಡ ಗಿರಾಕಿ ಒಬ್ಬರೇ. ಮೊತ್ತ ಜಾಸ್ತಿ ಬರಲಿ ಅಂತ ನಾನೂ ಬಯಸುತ್ತೇನೆ. ಬಾರದಿದ್ದರೂ ಒಪ್ಪಂದದ ಕಾಗದದಲ್ಲಿ ಎರಡು ಮಾತು ಬರೆಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಸೆಮಿಫೈನಲ್, ಫೈನಲ್, ಜೊತೆಗೆ ವಾರಕ್ಕೊಂದು ಪಂದ್ಯವಾದರೂ ದೂರದರ್ಶನದಲ್ಲಿ ಬರಲಿ, ಅದು ಕೇಬಲ್ ಮನೆಗೂ ತಲುಪುವಂತೆ ಕಾಯ್ದೆ ತಿದ್ದುಪಡಿಯಾಗಲಿ. ಹಕ್ಕಿನ ಹಣದಲ್ಲಿ ನೂರಕ್ಕೆ ಐದು ರೂಪಾಯಿ ತಾಲ್ಲೂಕಿನ ಮೈದಾನಕ್ಕೆ ಅಂತ ಎತ್ತಿಡಲಿ. 182 ಕೋಟಿಯಲ್ಲಿ ಅದು 9 ಕೋಟಿ. ಆ ಹಣದಲ್ಲಿ ಮ್ಯಾಟ್ ಬರಲಿ, ಕಾಲಿಗೆ ಸರಿಯಾದ ಶೂ ಬರಲಿ, ಆಯ್ಕೆಗೆ ಹೋದ ಕೂಲಿ ಹುಡುಗ ಹುಡುಗಿಯರಿಗೆ ಅವತ್ತಿನ ಕೂಲಿಯೂ ಸಿಗಲಿ. 1895ರಲ್ಲಿ ಹಡರ್ಸ್‌ಫೀಲ್ಡ್‌ನವರು ಆರು ಶಿಲ್ಲಿಂಗ್ ಕೊಟ್ಟಿದ್ದರು. ನಾವು 600 ರೂಪಾಯಿ ಕೊಡಲಾರೆವಾ?

ಈ ಎರಡು ಮಾತನ್ನು ಒಂದು ಹಾಳೆಯಲ್ಲಿ ಬರೆದು ಬಿಲ್ ಪುಸ್ತಕದ ಜೊತೆ ಇಟ್ಟುಕೊಂಡಿದ್ದೇನೆ. ದುಡ್ಡು ತರಲು ಹೋದ ಮನೆಯಲ್ಲಿ ಓದಿ ಹೇಳುತ್ತೇನೆ. ಒಪ್ಪಿದವರು ಸಹಿ ಹಾಕುತ್ತಾರೆ, ಸಹಿ ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ. ನಿನ್ನೆಯವರೆಗೆ 146 ಮನೆ ಆಗಿವೆ. 2019ರಲ್ಲಿ ಕಬಡ್ಡಿ ತೆಗೀರಿ ಅಂದಿದ್ದ ಆ ತಾಯಿ ಮೊನ್ನೆ ಮೊದಲು ಮಗನಿಂದ ಸಹಿ ಹಾಕಿಸಿ, ಅದರ ಕೆಳಗೆ ತಮ್ಮ ಹೆಬ್ಬೆಟ್ಟು ಒತ್ತಿದರು. ಇನ್ನೂ 90 ಮನೆ ಬಾಕಿ ಇವೆ. ಈ ತಿಂಗಳ ವಸೂಲಿ ಮುಗಿದ ಮೇಲೆ ಹಾಳೆಗಳನ್ನು ದೆಹಲಿಗೆ, ಪ್ರಸಾರ ಖಾತೆಗೂ ಕ್ರೀಡಾ ಖಾತೆಗೂ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತೇನೆ. ಬೇರೆ ಊರಿನ ಆಪರೇಟರ್ ಬಂಧುಗಳಿಗೆ ಆ ಹಾಳೆಯ ನಕಲು ಬೇಕಿದ್ದರೆ ಶಹಾಬಾದ್‌ಗೆ ಬಂದಾಗ ನನ್ನ ಅಂಗಡಿಯಲ್ಲಿ ಕೇಳಿ ಪಡೆಯಬಹುದು.

ಇಂತಿ ನಿಮ್ಮ ಓದುಗ,
ಒಬ್ಬ ಕೇಬಲ್ ಆಪರೇಟರ್,
ಶಹಾಬಾದ್, ಕಲಬುರಗಿ ಜಿಲ್ಲೆ